ಅಡಿಕೆ ಮರದ ನಡುವೆ ಒಂದು ತಂತಿ: ಸಿದ್ದಾಪುರದಲ್ಲಿ ಹ್ಯಾಮ್ ಆಂಟೆನಾ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಹಿಂದಿನ ಸಲ ಹ್ಯಾಮ್ ರೇಡಿಯೋ ಬಗ್ಗೆ ಎರಡು ಮಾತು ಹೇಳಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: "ಬ್ರೋ, ಮನೆ ಮೇಲೆ ಟವರ್ ಹಾಕ್ಬೇಕಾ? ಎಷ್ಟು ಎತ್ತರ?" ಇವತ್ತು ಅದನ್ನೇ ಮಾತಾಡೋಣ. ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಹಾಗಾಗಿ ಇಲ್ಲಿ ಹೇಳೋದರಲ್ಲಿ ಅರ್ಧ ಭಾಗ ನಾನು ಹಾಳು ಮಾಡಿ ಕಲಿತದ್ದು.

ಮೊದಲು ಜಾಗ ಹೇಳ್ಬೇಕು. ನಮ್ಮ ಸಿದ್ದಾಪುರ ಅಂದ್ರೆ ಉತ್ತರ ಕನ್ನಡದ್ದಲ್ಲ, ಕೊಡಗಿನದ್ದೂ ಅಲ್ಲ. ಕುಂದಾಪುರದಿಂದ ಶಿವಮೊಗ್ಗ ಕಡೆ ಹೋಗೋ ದಾರಿಯಲ್ಲಿ, ಹೊಸಂಗಡಿಗೆ ಮುಂಚೆ ಸಿಗೋ ಸಿದ್ದಾಪುರ. ಇಲ್ಲಿಂದ ಮುಂದೆ ಹೋದ್ರೆ ವಾರಾಹಿಯ ಭೂಗತ ವಿದ್ಯುದಾಗಾರ, ಆಮೇಲೆ ಬಾಳೆಬರೆ ಘಾಟಿ. ಅಂದ್ರೆ ಪೂರ್ವಕ್ಕೆ ಗೋಡೆ ಥರ ಬೆಟ್ಟ, ಪಶ್ಚಿಮಕ್ಕೆ ಕಡಲ ಕಡೆ ಇಳಿಜಾರು. ಆಂಟೆನಾ ವಿಷಯದಲ್ಲಿ ಇದೇ ಎಲ್ಲವನ್ನೂ ತೀರ್ಮಾನ ಮಾಡುತ್ತೆ. ಹ್ಯಾಂಡ್‌ಸೆಟ್‌ಗಳು ಬಳಸೋ 2 ಮೀಟರ್ ಬ್ಯಾಂಡ್, ಅಂದ್ರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗುತ್ತೆ. ಬೆಟ್ಟ ಅಡ್ಡ ಬಂದ್ರೆ ಮುಗೀತು. ಘಾಟಿ ಮೇಲಿನ ಹೊಸನಗರಕ್ಕೆ ಆ ಬ್ಯಾಂಡ್‌ನಲ್ಲಿ ಮಾತಾಡ್ಬೇಕು ಅಂತ ಮನೆ ಮೇಲೆ ಅರವತ್ತು ಅಡಿ ಟವರ್ ಹಾಕಿದ್ರೂ ಬೆಟ್ಟ ಅಲ್ಲಾಡೋದಿಲ್ಲ.

ಇದು ನನಗೆ ಆಗ ಗೊತ್ತಿರಲಿಲ್ಲ. ಲೈಸೆನ್ಸ್ ಕೈಗೆ ಬಂದ ವಾರವೇ ಮೂವತ್ತು ಅಡಿ ಜಿಐ ಪೈಪ್ ತಂದೆ. ಎತ್ತರ ಇದ್ರೆ ದೂರ ಹೋಗುತ್ತೆ ಅನ್ನೋದು ಯೂಟ್ಯೂಬ್ ಜ್ಞಾನ. ಭಾನುವಾರ, ನಾನು, ಇಬ್ಬರು ಫ್ರೆಂಡ್ಸ್. ಒಬ್ಬ ಪೈಪಿನ ಬುಡ ಹಿಡಿದ, ಇಬ್ಬರು ಮಲಗಿದ್ದ ಪೈಪನ್ನ ಎತ್ತುತ್ತಾ ಬಂದೆವು. ಅರ್ಧ ಎದ್ದಿತ್ತು. ಆಗ ರಸ್ತೆಯಲ್ಲಿ ಹೋಗ್ತಿದ್ದ ಲೈನ್‌ಮ್ಯಾನ್ ಒಬ್ಬರು ಬೈಕ್ ನಿಲ್ಲಿಸಿ ಕೂಗಿದ್ರು. ಬೈದದ್ದನ್ನ ಇಲ್ಲಿ ಹೇಳೋ ಹಾಗಿಲ್ಲ. ತಲೆ ಎತ್ತಿ ನೋಡಿದ್ರೆ ತೋಟದ ಅಂಚಿನಲ್ಲಿ 11 ಕೆವಿ ಲೈನ್. ಪೈಪ್ ಆ ಕಡೆಗೆ ವಾಲಿದ್ರೆ ಅದರ ತುದಿ ಸೀದಾ ತಂತಿ ಮೇಲೆ. ಆ ಲೈನನ್ನ ನಾವು ಮೂವರೂ ಹುಟ್ಟಿದಾಗಿನಿಂದ ನೋಡ್ತಾ ಬಂದವರು, ಅದಕ್ಕೇ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾಗಿ ಮೊದಲ ನಿಯಮ ರೇಡಿಯೋದ್ದೇ ಅಲ್ಲ. ಕಂಬ ನಿಲ್ಲಿಸೋ ಜಾಗದಲ್ಲಿ ನಿಂತು ಸುತ್ತ ನೋಡಿ. ಕಂಬ, ಅದರ ಮೇಲಿನ ಆಂಟೆನಾ, ಎರಡರ ಉದ್ದ ಸೇರಿಸಿ. ಯಾವ ದಿಕ್ಕಿಗೆ ಬಿದ್ದರೂ ಕರೆಂಟ್ ಲೈನಿಗೆ ತಾಗಬಾರದು, ತಾಗದೆ ಇನ್ನೂ ಧಾರಾಳ ಜಾಗ ಉಳಿಯಬೇಕು. ಮನೆಗೆ ಬರೋ ಸರ್ವಿಸ್ ವೈರ್ ಕೂಡ ಲೈನೇ. ಅಡಿಕೆ ಕೊಯ್ಯೋ ಹೊಸ ಕಾರ್ಬನ್ ಫೈಬರ್ ದೋಟಿಗಳಿವೆಯಲ್ಲ, ಹಗುರ, ಉದ್ದ, ಹಗ್ಗ ಮರದ ಮೇಲೆ ದಾಟಿಸೋಕೆ ಹೇಳಿ ಮಾಡಿಸಿದ ಹಾಗಿವೆ. ಆದ್ರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತೆ. ಪ್ಲಾಸ್ಟಿಕ್ ಥರ ಕಾಣುತ್ತೆ ಅಂತ ಮೋಸ ಹೋಗ್ಬೇಡಿ.

ಸರಿ, ಪೈಪ್ ಮೂಲೆಗೆ ಹೋಯ್ತು. ಈಗ ಅದರ ಮೇಲೆ ಅಮ್ಮ ಬಟ್ಟೆ ಒಣಗಿಸ್ತಾರೆ.

ಎಷ್ಟು ದೊಡ್ಡ ಆಂಟೆನಾ ಬೇಕು ಅನ್ನೋದು ಅಲೆಯ ಉದ್ದದ ಲೆಕ್ಕ. ನಮ್ಮ ಜಿಲ್ಲೆಯ ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳಿ. ಮಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ ಕೇಂದ್ರ ಇರೋದು ಬ್ರಹ್ಮಾವರದಲ್ಲಿ, 1089 ಕಿಲೋಹರ್ಟ್ಸ್. ಅಲೆಯ ಉದ್ದ ಸುಮಾರು 275 ಮೀಟರ್. ಅಂಥ ಅಲೆಗೆ ಅಂಥ ದೊಡ್ಡ ಕಂಬ. 145 ಮೆಗಾಹರ್ಟ್ಸ್‌ಗೆ ಬನ್ನಿ, ಅಲೆ ಎರಡೇ ಮೀಟರ್, ಅದರ ಕಾಲು ಭಾಗ ಅಂದ್ರೆ ಒಂದೂವರೆ ಅಡಿ ಚಿಲ್ಲರೆ. ಸ್ಟೀಲ್ ಟೇಪ್ ಮೆಷರ್ ಕತ್ತರಿಸಿ, ಪಿವಿಸಿ ಪೈಪಿಗೆ ಕ್ಲಾಂಪ್ ಮಾಡಿ ಕೈಯಲ್ಲಿ ಹಿಡಿಯೋ ಯಾಗಿ ಆಂಟೆನಾ ಮಾಡ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹೋಗುವಾಗ 145.800ರಲ್ಲಿ ಕೇಳೋಕೆ ಅಷ್ಟು ಸಾಕು, ಟವರ್ ಯಾಕೆ?

ನನಗೆ ಬೇಕಿದ್ದದ್ದು ಮಾತ್ರ ಘಾಟಿ ದಾಟೋದು. ಅದಕ್ಕೆ ಉತ್ತರ 40 ಮೀಟರ್ ಬ್ಯಾಂಡ್, 7.0ರಿಂದ 7.2 ಮೆಗಾಹರ್ಟ್ಸ್. ಇಲ್ಲೊಂದು ತಮಾಷೆ ಇದೆ. ಈ ಬ್ಯಾಂಡ್‌ನಲ್ಲಿ ಆಂಟೆನಾ ಕೆಳಗಿದ್ರೆ, ಅಂದ್ರೆ ನೆಲದಿಂದ ಇಪ್ಪತ್ತು ಮೂವತ್ತು ಅಡಿಯಲ್ಲಿದ್ರೆ, ಅಲೆಯ ಹೆಚ್ಚಿನ ಪಾಲು ಸೀದಾ ಮೇಲಕ್ಕೆ ಹೋಗುತ್ತೆ. ಮೇಲಿರೋ ಅಯಾನುಗೋಳ ಅದನ್ನ ವಾಪಸ್ ಕೆಳಕ್ಕೆ ಕಳಿಸುತ್ತೆ, ಕೊಡೆಯ ಕೆಳಗೆ ನೀರು ಚಿಮುಕಿಸಿದ ಹಾಗೆ ಸುತ್ತ ಮುನ್ನೂರು, ನಾನೂರು ಕಿಲೋಮೀಟರ್ ತುಂಬಿಕೊಳ್ಳುತ್ತೆ. ಬೆಟ್ಟ ಅಡ್ಡ ಬರೋ ಪ್ರಶ್ನೆಯೇ ಇಲ್ಲ, ಮೇಲಿಂದ ಬರೋದಲ್ವಾ! ಹಗಲು ಹೊತ್ತಲ್ಲಿ ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು ಎಲ್ಲ ಈ ಕೊಡೆಯ ಅಡಿಯಲ್ಲೇ. ದೂರದ ದೇಶಗಳು ಬೇಕಂದ್ರೆ ಎತ್ತರ ಬೇಕು, ಟವರ್ ಬೇಕು, ತಿರುಗೋ ಬೀಮ್ ಬೇಕು, ಅದರ ಖರ್ಚೂ ಬೇಕು. ಘಾಟಿ ಬುಡದವರಿಗೆ ಅಕ್ಕಪಕ್ಕದ ಜಿಲ್ಲೆ ಸಾಕು ಅಂದ್ರೆ ತಗ್ಗಿನ ತಂತಿಯೇ ಒಳ್ಳೆಯದು.

ಲೆಕ್ಕ ಸುಲಭ. 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್. ನಡುವೆ ಕತ್ತರಿಸಿ, ಎರಡು ಕೈ, ಒಂದೊಂದು 10 ಮೀಟರ್. ಇದನ್ನ ಡೈಪೋಲ್ ಅಂತಾರೆ. ಮನೆ ವೈರಿಂಗಿನ ತಾಮ್ರದ ತಂತಿ ನಡೆಯುತ್ತೆ, ಇನ್ಸುಲೇಟರ್‌ಗೆ ಪಿವಿಸಿ ತುಂಡು. ಸ್ವಲ್ಪ ಉದ್ದವೇ ಕಟ್ ಮಾಡಿ, ಆಮೇಲೆ ಮೀಟರ್ ನೋಡ್ತಾ ಚಿಕ್ಕದು ಮಾಡಿ. ಕತ್ತರಿಸಿದ್ದನ್ನ ಮತ್ತೆ ಉದ್ದ ಮಾಡೋದು ರಗಳೆ.

ಕಂಬ? ತೋಟದಲ್ಲಿ ಅಡಿಕೆ ಮರಗಳಿಗೆ ಬರವಾ? ಆದ್ರೆ ಅಡಿಕೆ ಮರ ಗಾಳಿಗೆ ತೂಗುತ್ತೆ. ಎರಡು ಮರದ ನಡುವೆ ತಂತಿ ಬಿಗಿಯಾಗಿ ಕಟ್ಟಿದ್ರೆ ಮೊದಲ ಗಾಳಿಗೇ ತುಂಡು. ನನ್ನದೂ ತುಂಡಾಯ್ತು. ಈಗ ಒಂದು ಕಡೆ ಮರಕ್ಕೆ ರಾಟೆ ಕಟ್ಟಿದ್ದೇನೆ, ಬಾವಿ ರಾಟೆಯ ತಮ್ಮ ಅನ್ನಿ. ಹಗ್ಗ ಅದರ ಮೇಲೆ ಹಾದು ಕೆಳಗೆ ಬರುತ್ತೆ, ತುದಿಗೆ ಒಂದು ಕಲ್ಲು ತೂಗುತ್ತೆ. ಮರ ತೂಗಿದ್ರೆ ಕಲ್ಲು ಮೇಲೆ ಕೆಳಗೆ ಆಗುತ್ತೆ, ತಂತಿಗೆ ಏನೂ ಆಗೋದಿಲ್ಲ. ಪಕ್ಕದ ಮನೆ ಅಜ್ಜಿ ನೋಡಿ, "ಇದ್ ಎಂತದ್ ಮಗಾ, ಕಾಕೆ ಓಡ್ಸುಕಾ?" ಅಂತ ಕೇಳಿದ್ರು. ಮರ ಹತ್ತೋ ಕೆಲಸ ಮಾತ್ರ ಮರ ಹತ್ತಿ ಗೊತ್ತಿರೋರಿಗೇ ಬಿಡಿ. ಕಲ್ಲು ತೂಗೋ ಜಾಗದ ಕೆಳಗೆ ಮಕ್ಕಳು ಆಡದ ಹಾಗೆ ನೋಡ್ಕೊಳ್ಳಿ.

ಅಜ್ಜಿ ಪ್ರಶ್ನೆ ಮುಗ್ಧವಾದದ್ದು. ಎಲ್ಲರೂ ಹಾಗೆ ಕೇಳೋದಿಲ್ಲ. ಒಂದು ಕಾಲದಲ್ಲಿ ನಕ್ಸಲ್ ನಿಗ್ರಹ ದಳ ಓಡಾಡಿದ ಕಾಡಿನ ಅಂಚು ಇದು. ಮನೆ ಮೇಲೆ ತಂತಿ, ರಾತ್ರಿ ರೇಡಿಯೋ ಸದ್ದು ಅಂದ್ರೆ ಊರಲ್ಲಿ ಮಾತು ಹುಟ್ಟುತ್ತೆ. ನಾನು ಲೈಸೆನ್ಸ್ ಪ್ರತಿ ಹಿಡ್ಕೊಂಡು ಠಾಣೆಗೆ ನಾನೇ ಹೋಗಿ ಹೇಳಿ ಬಂದೆ. ಅಕ್ಕಪಕ್ಕದವರನ್ನ ಕರೆದು ರೇಡಿಯೋ ತೋರಿಸಿದೆ. ಈ ಲೈಸೆನ್ಸ್ ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ್ದು, ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಪರೀಕ್ಷೆ ಬರೀಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಆನ್‌ಲೈನಲ್ಲಿ ಅಗ್ಗದ ವಾಕಿಟಾಕಿ ತರಿಸಿ ಲೈಸೆನ್ಸ್ ಇಲ್ಲದೆ ಬಟನ್ ಒತ್ತೋದು ಅಪರಾಧ, ಆಂಟೆನಾ ಎಷ್ಟು ಚೆನ್ನಾಗಿದ್ರೂ.

ಈಗ ನನಗೆ ಹೇಳೋಕೆ ನಾಚಿಕೆ ಆಗೋ ಭಾಗ.

ಆಂಟೆನಾ ಕಟ್ಟಿ ಎಂಟು ತಿಂಗಳು ಚೆನ್ನಾಗಿ ಓಡ್ತು. ಬೆಳಿಗ್ಗೆ ಎದ್ದು 40 ಮೀಟರಿನಲ್ಲಿ ನಾಲ್ಕು ಜನಕ್ಕೆ ನಮಸ್ಕಾರ ಹೇಳೋದು ಚಾ ಕುಡಿದ ಹಾಗೆ ಅಭ್ಯಾಸ ಆಗಿತ್ತು. ಜುಲೈ ಬಂತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮಳೆ ಅಂದ್ರೆ ಯಾರೂ ಹುಬ್ಬೇರಿಸೋದಿಲ್ಲ, ಘಾಟಿ ಬುಡದಲ್ಲಂತೂ ಕೇಳೋದೇ ಬೇಡ. ಒಂದು ರಾತ್ರಿ ಮರಗಳು ಬಿದ್ದು ಕರೆಂಟ್ ಹೋಯ್ತು. ಮಾರನೇ ದಿನ ಮೊಬೈಲ್ ಟವರ್‌ಗಳ ಬ್ಯಾಟರಿಯೂ ಖಾಲಿ. ಅದೇ ಅಜ್ಜಿ ಕೊಡೆ ಹಿಡ್ಕೊಂಡು ಬಂದ್ರು. ಮಗಳು ತೀರ್ಥಹಳ್ಳಿಯಿಂದ ಘಾಟಿ ಇಳಿದು ಬರೋಕೆ ಹೊರಟಿದ್ದಾಳೆ, ದಾರಿಯಲ್ಲಿ ಮರ ಬಿದ್ದಿದೆಯಂತೆ, ಬರಬೇಡ ಅಂತ ಹೇಳೋಕೆ ಆಗುತ್ತಾ ಅಂತ.

ಹ್ಯಾಮ್ ರೇಡಿಯೋ ಫೋನ್ ಬೂತ್ ಅಲ್ಲ. ಮಾಮೂಲಿ ದಿನಗಳಲ್ಲಿ ಬೇರೆಯವರ ಸುದ್ದಿ ರವಾನಿಸೋ ಹಾಗಿಲ್ಲ. ಆದ್ರೆ ವಿಪತ್ತಿನ ಹೊತ್ತಿನ ಮಾತು ಬೇರೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ತಂಡದ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ರು. ಹವ್ಯಾಸಕ್ಕೆ ಅಂತ ಹಾಕಿದ್ದ ಆಂಟೆನಾ ಮೂಲಕವೇ ಅಂಡಮಾನ್‌ನಿಂದ ಹೊರಗೆ ಸುದ್ದಿ ಹೋಯ್ತು. ಇದನ್ನೆಲ್ಲ ನಾನೇ ಆ ಅಜ್ಜಿಗೆ ಮೊದಲು ಹೇಳಿದ್ದೆ, ದೊಡ್ಡ ಸ್ತರದಲ್ಲಿ.

ಬ್ಯಾಟರಿ ಜೋಡಿಸಿ ರೇಡಿಯೋ ಆನ್ ಮಾಡಿದೆ. ಸದ್ದೇ ಇಲ್ಲ. ಎಸ್‌ಡಬ್ಲ್ಯೂಆರ್ ಮುಳ್ಳು ಕೊನೆಗೆ ಹೋಗಿ ನಿಂತಿತು, ಅಂದ್ರೆ ಕಳಿಸಿದ ಪವರ್ ಬಹುಪಾಲು ವಾಪಸ್ ಬರ್ತಿದೆ. ಸುರಿಯೋ ಮಳೆಯಲ್ಲಿ ಕಲ್ಲು ಬಿಚ್ಚಿ ತಂತಿ ಇಳಿಸಿದೆ. ನಡುವಿನ ಜೋಡಣೆಗೆ ಸುತ್ತಿದ್ದು ಸಾಮಾನ್ಯ ಕರೆಂಟ್ ಟೇಪ್. ಅದು ಬಿಸಿಲಿಗೆ ಬಿಟ್ಟುಕೊಂಡಿತ್ತು. ಕನೆಕ್ಟರ್ ಒಳಗೆ ನೀರು, ಕೇಬಲ್ ಹೆಣಿಗೆ ಕಪ್ಪಗೆ. ನೀರು ಹೆಣಿಗೆ ಹಿಡಿದು ಕೇಬಲ್ ಒಳಗೆ ಮೀಟರ್‌ಗಟ್ಟಲೆ ಇಳಿದಿತ್ತು. ಬೇರೆ ಕೇಬಲ್ ಇರಲಿಲ್ಲ. ಅಜ್ಜಿ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, "ಅಡ್ಡಿಲ್ಲ ಬಿಡು" ಅಂತ ಎದ್ದು ಹೋದ್ರು. ಮಗಳು ಘಾಟಿಯ ಮೇಲೆ ಬಸ್ಸಲ್ಲಿ ಆರು ಗಂಟೆ ಕೂತು ಸಂಜೆ ವಾಪಸ್ ಹೋಗಿದ್ದಳು, ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಾದದ್ದು ಮೂರನೇ ದಿನ.

ಆಮೇಲೆ ನಾನು ಮಾಡ್ತಿರೋದು ಹೇಳ್ತೇನೆ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಮಳೆಗಾಲದ ಮುಂಚೆ ಬೋರ್ಡೋ ಮದ್ದು ಬಿಡ್ತಾರಲ್ಲ, ಅದೇ ವಾರ ಆಂಟೆನಾ ಕೆಳಗೆ ಇಳಿಯುತ್ತೆ. ಹೇಗೂ ಇಳಿಸಲೇಬೇಕು, ಇಲ್ಲಾಂದ್ರೆ ಮದ್ದಿನ ಪೈಪ್ ತಂತಿಗೆ ಸಿಕ್ಕಿಕೊಳ್ಳುತ್ತೆ. ಇಳಿಸಿದ ಮೇಲೆ ಕನೆಕ್ಟರ್ ಬಿಚ್ಚಿ ನೋಡೋದು, ತನ್ನಷ್ಟಕ್ಕೇ ಅಂಟಿಕೊಂಡು ಒಂದಾಗೋ ರಬ್ಬರ್ ಟೇಪ್ ಹೊಸದಾಗಿ ಸುತ್ತೋದು, ಅದರ ಮೇಲೆ ಮಾಮೂಲಿ ಟೇಪ್. ಕೇಬಲ್ ಮನೆ ಒಳಗೆ ಬರೋ ಮುಂಚೆ ಕೆಳಕ್ಕೆ ಒಂದು ಬಳುಕು, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಅಗ್ಗದ ಹಗ್ಗಗಳು ಬಿಸಿಲಿಗೆ ಪುಡಿಯಾಗ್ತವೆ, ಕೈಯಲ್ಲಿ ಉಜ್ಜಿದ್ರೆ ನಾರು ಉದುರಿದ್ರೆ ಬದಲಾಯಿಸಿ. ಪಾಲಿಯೆಸ್ಟರ್ ಹಗ್ಗ ಹೆಚ್ಚು ಬಾಳಿಕೆ. ಪೈಪ್ ಕಂಬ ಹಾಕಿದವರು ಗೈ ತಂತಿಯ ಕ್ಲಾಂಪ್‌ಗಳನ್ನ, ಕಂಬದ ಬುಡದ ತುಕ್ಕನ್ನ ನೋಡಿ. ಕಡಲ ಹತ್ತಿರದ ಕುಂದಾಪುರ, ಬೈಂದೂರಿನವರು ಇದನ್ನ ವರ್ಷಕ್ಕೆ ಎರಡು ಸಲ ಮಾಡ್ಬೇಕು, ಉಪ್ಪು ಗಾಳಿ ಯಾರನ್ನೂ ಬಿಡೋದಿಲ್ಲ.

ಸಿಡಿಲಿನ ಬಗ್ಗೆ. ನಮ್ಮಲ್ಲಿ ಗುಡುಗು ಹೆಚ್ಚು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಮಳೆಗಾಲ ಮುಗಿಯೋ ಅಕ್ಟೋಬರ್‌ನಲ್ಲಿ. ಕಂಬಕ್ಕೆ ಅರ್ಥಿಂಗ್ ಬೇಕೇ ಬೇಕು, ಅದು ಮನೆಯ ಅರ್ಥಿಂಗ್ ಜೊತೆ ಸೇರಿರಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕೂತಾಗ ಅರ್ಥ್ ಚೆನ್ನಾಗಿ ಹಿಡಿಯೋದಿಲ್ಲ, ಎಲೆಕ್ಟ್ರಿಷಿಯನ್ ಹತ್ರ ಅಳತೆ ಮಾಡಿಸಿ. ಅರೆಸ್ಟರ್ ಹಾಕಿದೆ ಅಂತ ಧೈರ್ಯ ಬೇಡ, ನೇರ ಹೊಡೆದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಮೋಡ ಕಟ್ಟೋ ಮೊದಲೇ ಕೇಬಲ್ ಕಿತ್ತು ಕಿಟಕಿಯಿಂದ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನ ಮುಟ್ಟಲೇಬೇಡಿ, ರೇಡಿಯೋ ಹೋದ್ರೆ ಹೋಯ್ತು.

ಅಂದ ಹಾಗೆ, ಮನೆಯಿಂದ ರೇಡಿಯೋ ಅನ್ನೋದು ಕನ್ನಡದವರಿಗೆ ಹೊಸತಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ 30 ವ್ಯಾಟಿನ ಟ್ರಾನ್ಸ್‌ಮಿಟರ್‌ನಲ್ಲಿ ಪ್ರಸಾರ ಶುರು ಮಾಡಿದ್ರು. ಆಕಾಶವಾಣಿ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಅವರು ಮನಃಶಾಸ್ತ್ರದ ಮೇಷ್ಟ್ರು. ಬಿ.ಕಾಂ. ಅಂತ ಹಿಂಜರಿಯೋರಿಗೆ ಹೇಳಿದೆ ಅಷ್ಟೆ.

ಕಳೆದ ವಾರ ಅಜ್ಜಿ ಮತ್ತೆ ಬಂದಿದ್ರು. ತಂತಿ ಇಳಿಸಿ ಅಂಗಳದಲ್ಲಿ ಹರಡಿಕೊಂಡಿದ್ದೆ. ರಬ್ಬರ್ ಟೇಪ್ ಎಳೆದು ಸುತ್ತೋದನ್ನ ನೋಡ್ತಾ ನಿಂತು, "ಈ ಸಲಿ ನೀರ್ ಹೋಪುದಿಲ್ಯಾ?" ಅಂದ್ರು. ಜುಲೈನಲ್ಲಿ ನೋಡಿ ಹೇಳ್ತೇನೆ ಅಂದೆ.