ಪಂಚಾಯತಿ ಕಟ್ಟಡಗಳ ಕೊಠಡಿಗಳಲ್ಲಿ ಸುರಕ್ಷಿತ ವಿದ್ಯುತ್ ಅಳವಡಿಕೆ: ಸದಸ್ಯರ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಅಂಗನವಾಡಿ, ಶಾಲಾ ಕೊಠಡಿ, ಅರಿವು ಕೇಂದ್ರ, ಪಂಚಾಯತಿ ಕಚೇರಿ, ಪಂಪ್‌ಹೌಸ್ ಇವೆಲ್ಲವೂ ಗ್ರಾಮದ ಜನರು ನಂಬಿಕೆಯಿಂದ ಕಾಲಿಡುವ ಕಟ್ಟಡಗಳು. ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ, ಸೂರು ಸೋರಿದರೆ ತಿಳಿಯುತ್ತದೆ. ಆದರೆ ಗೋಡೆಯೊಳಗಿನ ತಂತಿಯ ದೋಷವು ಯಾರಾದರೂ ಮುಟ್ಟಿ ಆಘಾತಕ್ಕೆ ಒಳಗಾಗುವವರೆಗೂ ಗೋಚರಿಸದೆ ಇರಬಹುದು. ಆದ್ದರಿಂದ ವಿದ್ಯುತ್ ಕಾಮಗಾರಿಯನ್ನು ಪ್ಲಾಸ್ಟರ್ ಆಗುವ ಮೊದಲೊಮ್ಮೆ, ಅಂತಿಮ ಬಿಲ್ ಪಾವತಿಗೆ ಮೊದಲು ಇನ್ನೊಮ್ಮೆ ಪರಿಶೀಲಿಸತಕ್ಕದ್ದು. ಈ ಎರಡು ಹಂತಗಳು ದಾಟಿದ ಮೇಲೆ ದೋಷವನ್ನು ಸರಿಪಡಿಸುವುದು ಕಷ್ಟಸಾಧ್ಯ.

ಎಂ.ಸಿ.ಬಿ. ಕಾಯುವುದು ಯಾರನ್ನು?

ಬೋರ್ಡಿನಲ್ಲಿ ಎಂ.ಸಿ.ಬಿ. ಇದ್ದರೆ ಭಯವಿಲ್ಲವೆಂಬ ತಿಳಿವಳಿಕೆ ಅಪೂರ್ಣವಾದುದು. ಎಂ.ಸಿ.ಬಿ. ಅಧಿಕ ಹೊರೆ ಹಾಗೂ ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 6 ಆಂಪಿಯರ್‌ನ ಎಂ.ಸಿ.ಬಿ. ಆ ಮಿತಿಯನ್ನು ಮೀರಿದ ಮೇಲಷ್ಟೇ ಕೆಲಸ ಮಾಡುತ್ತದೆ. ಮನುಷ್ಯನ ದೇಹದಲ್ಲಿ ಒಂದು ಆಂಪಿಯರ್‌ನ ಹತ್ತನೆಯ ಒಂದು ಭಾಗ ಹರಿದರೂ ಹೃದಯದ ಬಡಿತ ತಪ್ಪಿ ಪ್ರಾಣ ಹೋಗಬಹುದು.

ಜೀವರಕ್ಷಣೆಗೆ ಇರುವ ಉಪಕರಣ ಆರ್.ಸಿ.ಸಿ.ಬಿ. ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತದೆ. ವ್ಯತ್ಯಾಸವು 30 ಮಿಲಿ ಆಂಪಿಯರ್ ಮುಟ್ಟಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅಧಿಕ ಹೊರೆಯನ್ನು ಅದು ತಡೆಯಲಾರದು. ಆದುದರಿಂದ ಅಂದಾಜು ಪಟ್ಟಿಯಲ್ಲಿ ಎರಡೂ ಇರಬೇಕು.

ಅರ್ಥಿಂಗ್ ಇದ್ದ ಮೇಲೆ ಇದೇಕೆ ಎಂಬ ಪ್ರಶ್ನೆ ಸಹಜ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್‌ನ ರೋಧವು 20 ಓಮ್‌ಗೆ ಏರಿತೆನ್ನಿ. ಆಗ 230 ವೋಲ್ಟ್ ಒತ್ತಡದಲ್ಲಿ ನೆಲಕ್ಕೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂ.ಸಿ.ಬಿ. ಅದನ್ನು ಸಾಮಾನ್ಯ ಬಳಕೆಯೆಂದೇ ಎಣಿಸುತ್ತದೆ. ಗ್ರೈಂಡರ್‌ನ ಲೋಹದ ಮೈಯಲ್ಲಿ ವಿದ್ಯುತ್ತು ಉಳಿದೇ ಇರುತ್ತದೆ. ಆರ್.ಸಿ.ಸಿ.ಬಿ. ಇದ್ದಲ್ಲಿ ಈ ಅಪಾಯ ಒಡನೆಯೇ ತಪ್ಪುತ್ತದೆ. ಹಾಗೆಂದು ಅರ್ಥಿಂಗ್ ಕೈಬಿಡುವಂತಿಲ್ಲ. ಅರ್ಥಿಂಗ್ ಗುಂಡಿಯು ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರದಲ್ಲಿರಬೇಕು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಬೇಕು.

ಕೊಠಡಿಗೆ ತಕ್ಕ ಎಚ್ಚರಿಕೆ

ಅಂಗನವಾಡಿ: ಮಕ್ಕಳ ಬೆರಳು, ಕಡ್ಡಿ, ಮೊಳೆ ಒಳಹೋಗದಂತೆ ಶಟರ್ ಇರುವ ಸಾಕೆಟ್‌ಗಳನ್ನೇ ಹಾಕಿಸಬೇಕು. ಟೇಪು ಸುತ್ತಿದ ಜೋಡಣೆಗಳು ಮಕ್ಕಳ ಕೈಗೆಟುಕುವಲ್ಲಿ ಇರಕೂಡದು.

ಬಿಸಿಯೂಟದ ಅಡುಗೆ ಕೋಣೆ: ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಬಳಿ ತಗ್ಗಿನಲ್ಲಿ ಸ್ವಿಚ್ಚು, ಸಾಕೆಟ್ ಬೇಡ. ಅನಿಲದ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು.

ಕಚೇರಿ ಮತ್ತು ಅರಿವು ಕೇಂದ್ರ: 2000 ವ್ಯಾಟ್‌ನ ನೀರು ಕಾಯಿಸುವ ಉಪಕರಣಕ್ಕೆ ಸುಮಾರು 8.7 ಆಂಪಿಯರ್ ಬೇಕು. ಅದನ್ನು 6 ಆಂಪಿಯರ್ ಸಾಕೆಟ್‌ಗೆ ಜೋಡಿಸಿದರೆ ಸಾಕೆಟ್ ಬಿಸಿಯಾಗಿ ಕರಗುತ್ತದೆ. ಯು.ಪಿ.ಎಸ್. ಬ್ಯಾಟರಿಗಳು ಚಾರ್ಜ್ ಆಗುವಾಗ ಜಲಜನಕ ಹೊರಬರಬಹುದಾದ್ದರಿಂದ ಗಾಳಿಯಾಡುವ ಜಾಗ ಅಗತ್ಯ. ಕರೆಂಟು ಹೋದಾಗಲೂ ಯು.ಪಿ.ಎಸ್. ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ ಎಂಬುದನ್ನು ದುರಸ್ತಿ ಮಾಡುವವರು ಮರೆಯಬಾರದು.

ಶೌಚಾಲಯ ಹಾಗೂ ಸ್ನಾನಗೃಹ: ಸ್ವಿಚ್ಚುಗಳು ಹೊರಗಿರಲಿ.

ಪಂಪ್‌ಹೌಸ್: ಇಲ್ಲಿ ನಿತ್ಯ ಅಪಾಯದ ಎದುರು ನಿಲ್ಲುವವರು ನೀರುಗಂಟಿಗಳು. ನಸುಕಿನಲ್ಲಿ ಒದ್ದೆ ನೆಲದ ಮೇಲೆ, ಒದ್ದೆ ಕೈಯಲ್ಲಿ ಮೂರು ಫೇಸ್‌ನ 415 ವೋಲ್ಟ್ ಸ್ಟಾರ್ಟರ್ ಒತ್ತುವವರು ಅವರೇ. ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಸಂಪರ್ಕಗಳು, ಸ್ಟಾರ್ಟರ್ ಮುಂದೆ ರಬ್ಬರ್ ಮ್ಯಾಟ್, ಮುಚ್ಚಳವಿರುವ ಮೇನ್ ಸ್ವಿಚ್ಚು ಇವು ಅವರ ಪಾಲಿನ ಹಕ್ಕು. ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತುವ ರೂಢಿಯನ್ನು ಕೂಡಲೇ ನಿಲ್ಲಿಸತಕ್ಕದ್ದು.

ಬಿಲ್‌ಗೆ ಮೊದಲು ಕೇಳಬೇಕಾದುದು

ಕಾಮಗಾರಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು ಕಾನೂನು. ಕಟ್ಟಡದ ಗುತ್ತಿಗೆದಾರರು ತಮಗೆ ಪರಿಚಿತರಾದ ಯಾರಿಂದಲೋ ವೈರಿಂಗ್ ಮುಗಿಸಿದರೆ ಅದನ್ನು ಒಪ್ಪಿಕೊಳ್ಳುವಂತಿಲ್ಲ. ಅಂತಿಮ ಬಿಲ್‌ನೊಂದಿಗೆ ನಾಲ್ಕು ಪರೀಕ್ಷೆಗಳ ಸಹಿ ಮಾಡಿದ ವರದಿ ಕಡತದಲ್ಲಿರಲಿ:

1. 500 ವೋಲ್ಟ್ ಮೆಗ್ಗರ್‌ನಿಂದ ಅಳೆದ ತಂತಿಯ ನಿರೋಧಕತೆ 1 ಮೆಗಾ ಓಮ್‌ಗೆ ಕಡಿಮೆಯಿಲ್ಲ.
2. ಅರ್ಥ್ ಟೆಸ್ಟರ್‌ನಿಂದ ಅರ್ಥಿಂಗ್ ರೋಧವನ್ನು ಅಳೆದು, ಓಮ್‌ಗಳಲ್ಲಿ ನಮೂದಿಸಲಾಗಿದೆ.
3. ಎಲ್ಲ ಸ್ವಿಚ್ಚುಗಳೂ ಫೇಸ್ ತಂತಿಯಲ್ಲಿವೆ, ನ್ಯೂಟ್ರಲ್‌ನಲ್ಲಿ ಅಲ್ಲ.
4. ಆರ್.ಸಿ.ಸಿ.ಬಿ. ಪರೀಕ್ಷೆಯಲ್ಲಿ ಸಂಪರ್ಕ ಕಡಿದಿದೆ.

ಆರ್.ಸಿ.ಸಿ.ಬಿ. ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಹೊಣೆಯನ್ನು ಆಯಾ ಕಟ್ಟಡದ ಒಬ್ಬರಿಗೆ ಹೆಸರು ಹೇಳಿ ವಹಿಸಬೇಕು. ಗುಂಡಿ ಒತ್ತಿದಾಗ ಸಂಪರ್ಕ ಕಡಿಯದಿದ್ದರೆ ಉಪಕರಣವನ್ನು ಬದಲಿಸಬೇಕು. ಈ ಗುಂಡಿಯು ಅರ್ಥಿಂಗ್ ಸರಿಯಿದೆಯೆಂದು ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ಅಳೆಯಿಸಬೇಕು. ಹೊರಗಿನ ಮಾರ್ಗದಲ್ಲಿ ತಂತಿ ಹರಿದು ಬಿದ್ದರೆ ಯಾರೂ ಹತ್ತಿರ ಹೋಗದಂತೆ ತಡೆದು 1912ಕ್ಕೆ ಕರೆ ಮಾಡಬೇಕು.

ಒಂದು ಆರ್.ಸಿ.ಸಿ.ಬಿ.ಯ ವೆಚ್ಚ ಇಡೀ ಕಟ್ಟಡದ ಅಂದಾಜಿನಲ್ಲಿ ಅತ್ಯಲ್ಪ. ಅದನ್ನು ಉಳಿಸಲು ಹೋಗಿ ಕಳೆದುಕೊಳ್ಳಬಹುದಾದದ್ದು ಒಂದು ಮಗುವಿನ ಅಥವಾ ಒಬ್ಬ ನೀರುಗಂಟಿಯ ಜೀವ. ಆದ್ದರಿಂದ ‘ಪರೀಕ್ಷಾ ವರದಿ ಇಲ್ಲದೆ ವಿದ್ಯುತ್ ಕಾಮಗಾರಿಯ ಬಿಲ್ ಇಲ್ಲ’ ಎಂಬ ನಿರ್ಣಯವನ್ನು ಪ್ರತಿ ಗ್ರಾಮ ಪಂಚಾಯತಿಯೂ ಮುಂದಿನ ಸಾಮಾನ್ಯ ಸಭೆಯಲ್ಲಿ ಕೈಗೊಂಡು ನಡವಳಿಯಲ್ಲಿ ದಾಖಲಿಸುವುದು ಉಚಿತ.