ಕೆಸುವಿನ ಗದ್ದೆಯ ಶ್ರುತಿ



ಅಮೆರಿಕದಿಂದ ರಜೆಗೆ ಬಂದಿದ್ದ ಅಕ್ಕನ ಮಗ ಕಳೆದ ತಿಂಗಳು ನನ್ನ ಕೈಗೆ ಒಂದು ಸಿ.ಡಿ. ಇಟ್ಟ. “ಮಾವ, ಈ ಸಲ ಚಾಕೊಲೇಟು ತರಲಿಲ್ಲ, ನಿಮಗೆ ಅಂತ ಇದನ್ನ ತಂದಿದೀನಿ” ಅಂದ. ಆಲ್ಬಮ್ಮಿನ ಹೆಸರು ‘ಪುನಾಹೆಲೆ’. ಹವಾಯಿ ಭಾಷೆಯಲ್ಲಿ ಹಾಗೆಂದರೆ ಅಚ್ಚುಮೆಚ್ಚಿನದು, ಮನೆಯವರೆಲ್ಲ ಮುದ್ದು ಮಾಡುವ ಮಗು. ನುಡಿಸಿದವರು ರೇ ಕಾನೆ. ಆಲ್ಬಂ ಹೊರಬಂದದ್ದು 1994ರಲ್ಲಿ, ಅವರು ತೀರಿಕೊಂಡದ್ದು 2008ರಲ್ಲಿ. ಆದರೂ ನನ್ನ ಮಟ್ಟಿಗೆ ಅದು ನಿನ್ನೆ ಮೊನ್ನೆ ಬಂದ ಹೊಸ ಆಲ್ಬಂ. ಅವತ್ತಿನಿಂದ ನನ್ನ ಬೆಳಗಿನ ಕಾಫಿ ಅದರ ಜೊತೆಗೇ ಆಗುತ್ತಿದೆ. ಮನೆಗೆ ಬಂದವರನ್ನೆಲ್ಲ ಕೂರಿಸಿ ಕೇಳಿಸಿದ್ದೇನೆ. ಇವತ್ತು ನಿಮ್ಮ ಸರದಿ.

ಹವಾಯಿಯನ್ ಗಿಟಾರ್ ಎಂದ ಕೂಡಲೇ ರೇಡಿಯೊದ ಹಳೆಯ ಕೇಳುಗರಿಗೆ ಒಂದು ನಾದ ನೆನಪಾಗುತ್ತದೆ. ಸಿನಿಮಾ ಹಾಡಿನ ಧಾಟಿಯನ್ನು ತಂತಿಯ ಮೇಲೆ ಜಾರಿಸಿ ಜಾರಿಸಿ ನುಡಿಸುತ್ತಿದ್ದ ಸುನಿಲ್ ಗಂಗೂಲಿ ಅವರ ರೆಕಾರ್ಡುಗಳು ಎಷ್ಟೋ ಮನೆಗಳಲ್ಲಿದ್ದವು. ಅದು ಸ್ಟೀಲ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುವ ವಾದ್ಯ. ಹವಾಯಿಯಿಂದ ಹೊರಟು ಜಗತ್ತು ಸುತ್ತಿದ್ದು ಅದು. ನಾನು ಹೇಳುತ್ತಿರುವುದು ಊರು ಬಿಟ್ಟು ಹೋಗದೆ, ಮನೆಯ ಜಗಲಿಯಲ್ಲೇ ಕೂತು ನುಡಿದುಕೊಂಡಿದ್ದ ಇನ್ನೊಂದು ಗಿಟಾರಿನ ಮಾತು. ಇಂಗ್ಲಿಷಿನವರು ಅದನ್ನು ಸ್ಲ್ಯಾಕ್ ಕೀ ಎನ್ನುತ್ತಾರೆ. ಹವಾಯಿಯವರು ‘ಕೀ ಹೋಆಲು’ ಎನ್ನುತ್ತಾರೆ. ಕೀ ಎಂದರೆ ಬಿರಡೆ, ಹೋಆಲು ಎಂದರೆ ಸಡಿಲಿಸು. ಬಿರಡೆ ಸಡಿಲಿಸು, ಅಷ್ಟೆ.

ಸಾಮಾನ್ಯವಾಗಿ ಗಿಟಾರಿನ ಆರು ತಂತಿಗಳನ್ನು ಬಿಗಿದಿಟ್ಟಿರುವ ಕ್ರಮದಲ್ಲಿ, ಎಡಗೈ ಎಲ್ಲೂ ಒತ್ತದೆ ಬರಿದೇ ಮೀಟಿದರೆ, ಆರೂ ಒಂದಕ್ಕೊಂದು ಹೊಂದುವುದಿಲ್ಲ. ಹವಾಯಿಯವರು ಅದರಲ್ಲಿ ಮೂರು ತಂತಿಗಳನ್ನು ಒಂದೊಂದು ಸ್ವರ ಕೆಳಗಿಳಿಸಿದರು. ಆಗ ಆರೂ ತಂತಿ ಸೇರಿ ಏನಾಯಿತು ಎಂಬುದನ್ನು ನಮ್ಮ ಸ್ವರಗಳಲ್ಲೇ ಹೇಳಿಬಿಡಬಹುದು. ಪ ಸ ಪ ಸ ಗ ಪ. ಗಾಂಧಾರ ಅಂತರ ಗಾಂಧಾರ. ಸುಮ್ಮನೆ ಹೆಬ್ಬೆರಳು ಎಳೆದರೆ ಸಾಕು, ತಂಬೂರಿಯ ಹಾಗೆ ತುಂಬಿಕೊಂಡು ಮೊಳಗುತ್ತದೆ. ಕರ್ನಾಟಕ ಸಂಗೀತದ ಕಿವಿಗೆ ಈ ಗಿಟಾರು ಮೊದಲ ಸಲಕ್ಕೇ ಪರಿಚಯದವರ ದನಿಯಂತೆ ಕೇಳುವುದು ಇದಕ್ಕೇ ಇರಬೇಕು. ಹೆಬ್ಬೆರಳು ಕೆಳಗಿನ ಷಡ್ಜ ಪಂಚಮಗಳನ್ನು ಬಿಡದೆ ಮೀಟುತ್ತಿರುತ್ತದೆ, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡು ಹೇಳುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಈ ಶ್ರುತಿಗೆ ಅವರಿಟ್ಟ ಹೆಸರು ಕೇಳಿ ನಾನು ಎದ್ದು ಕೂತೆ. ಇಂಗ್ಲಿಷಿನಲ್ಲಿ ಅದು ಟಾರೋ ಪ್ಯಾಚ್. ಟಾರೋ ಎಂದರೆ ಇನ್ನೇನಲ್ಲ, ನಮ್ಮ ಕೆಸು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪತ್ರೊಡೆ ಮಾಡುವುದು ಯಾವ ಕೆಸುವಿನ ಎಲೆಯಲ್ಲೋ, ಅದೇ ಗಿಡ. ಹವಾಯಿಯವರು ಅದನ್ನು ನೀರು ಕಟ್ಟಿದ ಗದ್ದೆಗಳಲ್ಲಿ ಬೆಳೆಯುತ್ತಾರೆ, ಗಡ್ಡೆಯನ್ನು ಬೇಯಿಸಿ ಕುಟ್ಟಿ ‘ಪೋಯ್’ ಮಾಡಿ ಉಣ್ಣುತ್ತಾರೆ. ಅವರ ಪುರಾಣದ ಪ್ರಕಾರ ಮೊದಲು ಹುಟ್ಟಿದ್ದು ಕೆಸು, ಆಮೇಲೆ ಮನುಷ್ಯ. ಹಾಗಾಗಿ ಕೆಸು ಅಣ್ಣ, ಮನುಷ್ಯ ತಮ್ಮ. ತಮ್ಮ ಅತಿ ಬಳಕೆಯ ಶ್ರುತಿಗೆ ಆ ಅಣ್ಣನ ಗದ್ದೆಯ ಹೆಸರು! ಇನ್ನೊಂದು ಬಗೆಯ ಶ್ರುತಿಗೆ ‘ವಹಿನೆ’ ಎಂದು ಹೆಸರು, ಅಂದರೆ ಹೆಂಗಸು. ಅದರಲ್ಲಿ ನಡುವಿನ ಷಡ್ಜವನ್ನು ಇನ್ನಷ್ಟು ಇಳಿಸಿ ಕಾಕಲಿ ನಿಷಾದಕ್ಕೆ ತಂದಿರುತ್ತಾರೆ. ಆ ನಿಷಾದವನ್ನು ಮೀಟಿ, ಅದು ಇನ್ನೂ ನಡುಗುತ್ತಿರುವಾಗಲೇ ಬೆರಳು ಊರಿ ಷಡ್ಜಕ್ಕೆ ಏರಿಸುತ್ತಾರೆ. ಮನೆ ಬಾಗಿಲವರೆಗೆ ಬಂದವರು ಒಂದು ಗಳಿಗೆ ನಿಂತು ಒಳಗೆ ಕಾಲಿಟ್ಟ ಹಾಗೆ.

ಗಿಟಾರು ಆ ದ್ವೀಪಗಳಿಗೆ ಬಂದ ಕಥೆಯಲ್ಲಿ ದನಗಳಿವೆ. 1793ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರ್ ದೊರೆ ಕಮೇಹಮೇಹನಿಗೆ ದನಗಳನ್ನು ಕಾಣಿಕೆ ಕೊಟ್ಟ. ಅವನ್ನು ಕೊಲ್ಲಕೂಡದೆಂದು ದೊರೆ ಕಟ್ಟಪ್ಪಣೆ ಮಾಡಿದ. ಅವು ಬೆಳೆದು, ಕಾಡುಬಿದ್ದು, ಜನರ ತೋಟಗಳಿಗೆ ನುಗ್ಗತೊಡಗಿದವು. 1830ರ ದಶಕದಲ್ಲಿ ಮೂರನೆಯ ಕಮೇಹಮೇಹ ಅವನ್ನು ಹತೋಟಿಗೆ ತರಲು ಮೆಕ್ಸಿಕೊ ಕಡೆಯ ದನಗಾಹಿಗಳನ್ನು ಕರೆಸಿದ. ಕುದುರೆ, ಹಗ್ಗಗಳ ಜೊತೆ ಅವರು ಗಿಟಾರನ್ನೂ ತಂದರು ಎಂದು ಹವಾಯಿಯವರು ಹೇಳುತ್ತಾರೆ. ಅವರು ಮರಳಿ ಹೋದ ಮೇಲೆ ವಾದ್ಯ ಉಳಿಯಿತು. ಉಳಿದದ್ದನ್ನು ಊರಿನವರು ತಮ್ಮ ಹಾಡಿಗೆ ಒಗ್ಗಿಸಿಕೊಂಡರು. ಪರದೇಶದ ಪಿಟೀಲನ್ನು ನೆಲದ ಮೇಲೆ ಕೂತು ನುಡಿಸಿ ನಮ್ಮದಾಗಿಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ತುಂಬ ಕಾಡಿರುವುದು ಮುಂದಿನ ಸಂಗತಿ. ಒಂದೊಂದು ಮನೆತನ ಒಂದೊಂದು ಶ್ರುತಿ ಕಂಡುಕೊಂಡಿತು. ಬಿರಡೆ ಯಾವ ತಂತಿಗೆ ಎಷ್ಟು ತಿರುಗಬೇಕು ಎಂಬುದು ಆ ಮನೆಯ ಆಸ್ತಿ. ಅದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ. ನುಡಿಸುವುದು ಮುಗಿದ ಮೇಲೆ, ಗಿಟಾರು ಕೆಳಗಿಡುವ ಮೊದಲು, ತಂತಿಗಳನ್ನು ಪೂರ್ತಿ ಕೆಡಿಸಿ ಇಡುತ್ತಿದ್ದರು. ಬೇರೆಯವರು ಕೈಗೆತ್ತಿಕೊಂಡರೆ ಗುಟ್ಟು ತಿಳಿಯಬಾರದು.

ಇದನ್ನು ಜಿಪುಣತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 1893ರಲ್ಲಿ ಅವರ ರಾಣಿ ಲಿಲಿಉಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1896ರಲ್ಲಿ ಶಾಲೆಯ ಪಾಠ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಕಾನೂನು ಬಂತು. ನೆಲ ಹೋಯಿತು, ಅಧಿಕಾರ ಹೋಯಿತು, ಮಕ್ಕಳ ಬಾಯಿಂದ ನುಡಿಯೂ ಜಾರಿತು. ಕೈಯಲ್ಲಿ ಉಳಿದ ಕೆಲವೇ ಸ್ವಂತದ ವಸ್ತುಗಳಲ್ಲಿ ಈ ಶ್ರುತಿಯೂ ಒಂದು. ಬಚ್ಚಿಡದೆ ಇನ್ನೇನು ಮಾಡಿಯಾರು? ಆದರೆ ಬಚ್ಚಿಟ್ಟದ್ದು ಬಚ್ಚಿಟ್ಟವರ ಜೊತೆಗೇ ಮಣ್ಣಾಗುವ ಭಯವೂ ಇತ್ತು. ಎಷ್ಟೋ ಶ್ರುತಿಗಳು ಹಾಗೆ ಹೋಗಿಯೇ ಬಿಟ್ಟವು.

ಬಾಗಿಲು ತೆರೆದವರಲ್ಲಿ ಮೊದಲಿಗರು ಗ್ಯಾಬಿ ಪಹಿನುಯಿ. 1946ರಲ್ಲಿ ಅವರು ವೈಪಿಓ ಕಣಿವೆಯ ಜಲಪಾತವೊಂದರ ಹೆಸರಿನ ‘ಹಿಇಲಾವೆ’ ಹಾಡನ್ನು ಹವಾಯಿ ನುಡಿಯಲ್ಲೇ ಹಾಡಿ, ಸ್ಲ್ಯಾಕ್ ಕೀ ನುಡಿಸಿ ರೆಕಾರ್ಡು ಮಾಡಿಸಿದರು. ಈ ಸಂಗೀತದ ಆಧುನಿಕ ಕಾಲ ಆ ಒಂದು ತಟ್ಟೆಯಿಂದ ಶುರುವಾಯಿತೆಂದು ಎಲ್ಲರೂ ಒಪ್ಪುತ್ತಾರೆ. ಹೊಟ್ಟೆಪಾಡಿಗೆ ಹೊನೊಲುಲುವಿನಲ್ಲಿ ರಸ್ತೆ ಕೆಲಸ ಮಾಡಿದ ಮನುಷ್ಯ ಅವರು. ವೈಮಾನಾಲೊದ ಅವರ ಮನೆಯಲ್ಲಿ ವಾರದ ಕೊನೆ ಬಂತೆಂದರೆ ಗಂಟೆಗಟ್ಟಲೆ ವಾದನ. 1970ರ ದಶಕದಲ್ಲಿ ಆ ಅಂಗಳಕ್ಕೆ ಹುಡುಕಿಕೊಂಡು ಬಂದವರು ಅಮೆರಿಕದ ರೈ ಕೂಡರ್. ಮುಂದೆ ನಮ್ಮ ವಿಶ್ವಮೋಹನ ಭಟ್ಟರ ಮೋಹನವೀಣೆಯ ಎದುರು ಕೂತು ‘ಎ ಮೀಟಿಂಗ್ ಬೈ ದ ರಿವರ್’ ಆಲ್ಬಂ ಮಾಡಿದರಲ್ಲ, ಅವರೇ. 1973ರಲ್ಲಿ ಕೇಓಲಾ ಬೀಮರ್ ಇದರ ಮೊದಲ ಪಾಠಪುಸ್ತಕ ಪ್ರಕಟಿಸಿದರು. ತಲೆಮಾರುಗಳ ಗುಟ್ಟನ್ನು ಬರೆದು ಅಚ್ಚು ಹಾಕಿಸುವುದು ಸಣ್ಣ ಮಾತಾಗಿರಲಿಲ್ಲ.

ನಮ್ಮ ರೇ ಕಾನೆ ಕಲಿತದ್ದು ಹೇಗೆ ಗೊತ್ತೆ? ಒಆಹು ದ್ವೀಪದ ನಾನಾಕುಲಿ ಎಂಬ ಕಡಲತೀರದ ಊರಿನಲ್ಲಿ, ಇನ್ನೂ ಚಿಕ್ಕ ಹುಡುಗನಾಗಿದ್ದಾಗ, ಆಲ್ಬರ್ಟ್ ಕಾವೆಲೊ ಎಂಬವರು ನುಡಿಸುವುದನ್ನು ಕೇಳಿ ಮರುಳಾದರು. ಕಲಿಸಿ ಎಂದು ಕೇಳಿದರೆ, ಮೀನು ತಂದುಕೊಡು, ಕಲಿಸುತ್ತೇನೆ ಎಂದಾಯಿತು. ಹುಡುಗ ಸಮುದ್ರಕ್ಕೆ ಧುಮುಕಿ ಮೀನು ಹಿಡಿದು ತಂದ. ಮೀನಿಗೆ ಪ್ರತಿಯಾಗಿ ಪಾಠ. ದೊಡ್ಡವರಾಗಿ ಅವರು ವೆಲ್ಡಿಂಗ್ ಕೆಲಸದಲ್ಲಿ ಬದುಕು ನಡೆಸಿದರು. ಆದರೆ ಮೀನು ಕೊಟ್ಟು ಪಡೆದದ್ದನ್ನು ತಮ್ಮ ಬಳಿಗೆ ಬಂದವರಿಗೆಲ್ಲ ಕಲಿಸಿದರು. 1987ರಲ್ಲಿ ಅಮೆರಿಕ ಸರ್ಕಾರ ಜನಪದ ಕಲಾವಿದರಿಗೆ ಕೊಡುವ ಅತ್ಯುನ್ನತ ಗೌರವ ಅವರಿಗೆ ಬಂತು.

ಅವರ ನುಡಿಸಾಣಿಕೆಯಲ್ಲಿ ಅವಸರವೇ ಇಲ್ಲ. ಬೆರಳಿನ ಚಮತ್ಕಾರ ತೋರಿಸುವ ವಾದಕರು ಹವಾಯಿಯಲ್ಲೂ ಇದ್ದಾರೆ, ಅವರನ್ನು ಕೇಳಿ ನಾನು ಬೆರಗಾಗಿದ್ದೇನೆ. ಆದರೆ ರೇ ಕಾನೆಯವರದು ಬೇರೆ ದಾರಿ. ಒಂದು ಸ್ವರ ಮೀಟಿ, ಅದು ಪೂರ್ತಿ ಅರಳುವವರೆಗೆ ಕಾದು, ಆಮೇಲೆ ಇನ್ನೊಂದು. ನಡುನಡುವೆ ತಂತಿಗೆ ಬೆರಳನ್ನು ಹೂವಿನಂತೆ ತಾಗಿಸಿ ಗಂಟೆಯ ದನಿ ಹೊರಡಿಸುತ್ತಾರೆ. ಈ ಆಲ್ಬಮ್ಮಿನಲ್ಲಿ ಗುಂಪು ವಾದ್ಯಗಳಿಲ್ಲ. ಅವರ ಜಗಲಿಯ ಮೆಟ್ಟಿಲ ಮೇಲೆ ಕೂತು ಕೇಳಿದಷ್ಟು ಹತ್ತಿರ.

ಇದನ್ನು ಹೊರತಂದದ್ದು ಪಿಯಾನೊ ವಾದಕ ಜಾರ್ಜ್ ವಿನ್‌ಸ್ಟನ್ ನಡೆಸುತ್ತಿದ್ದ ಡ್ಯಾನ್ಸಿಂಗ್ ಕ್ಯಾಟ್ ಎಂಬ ಸಂಸ್ಥೆ. ಅದರ ಆಲ್ಬಂಗಳ ಪುಸ್ತಿಕೆಗಳಲ್ಲಿ, ಯಾವ ಹಾಡು ಯಾವ ಶ್ರುತಿಯಲ್ಲಿದೆ, ಯಾವ ತಂತಿ ಯಾವ ಸ್ವರಕ್ಕಿದೆ ಎಂದು ಬಿಡಿಸಿ ಮುದ್ರಿಸಿದ್ದಾರೆ. ಒಂದು ಕಾಲಕ್ಕೆ ಅಕ್ಕಪಕ್ಕದ ಮನೆಗೂ ಹೇಳದಿದ್ದ ಗುಟ್ಟು, ಸಣ್ಣ ಅಕ್ಷರಗಳಲ್ಲಿ, ನನ್ನಂಥ ಅಪರಿಚಿತನ ಕೈಯಲ್ಲಿ. ಓದುವಾಗ ನನ್ನ ಕಣ್ಣು ಮಂಜಾದವು.

ಮಗ ಕಾಲೇಜಿಗೆ ಹೋಗುವಾಗ ಕೊಂಡ ಗಿಟಾರೊಂದು ನಮ್ಮ ಮನೆಯ ಅಟ್ಟದಲ್ಲಿತ್ತು. ಮೊನ್ನೆ ಭಾನುವಾರ ಇಳಿಸಿ, ಧೂಳು ಒರೆಸಿ, ಪುಸ್ತಿಕೆಯನ್ನು ಮುಂದಿಟ್ಟುಕೊಂಡು, ಮೂರು ಬಿರಡೆಗಳನ್ನು ಮೆಲ್ಲಗೆ ಸಡಿಲಿಸಿದೆ. ಪ ಸ ಪ ಸ ಗ ಪ. ನನಗೆ ನುಡಿಸಲು ಬರುವುದಿಲ್ಲ, ಹೆಬ್ಬೆರಳು ಎಳೆಯಲು ಬರುತ್ತದೆ. ಅಡುಗೆಮನೆಯಿಂದ ಹೆಂಡತಿ ಬಂದು ಎಳೆದು ನೋಡಿದಳು. ಹಾಲು ಕೊಡಲು ಬಂದ ಹುಡುಗನೂ ಬಾಗಿಲಲ್ಲೇ ನಿಂತು ಒಮ್ಮೆ ಎಳೆದು ನಕ್ಕ. ತಂತಿಗಳನ್ನು ಮತ್ತೆ ಬಿಗಿದಿಲ್ಲ, ಕೆಡಿಸಿಯೂ ಇಲ್ಲ. ಗಿಟಾರು ಅದೇ ಶ್ರುತಿಯಲ್ಲಿ, ನಡುಮನೆಯ ಗೋಡೆಗೆ ಒರಗಿಕೊಂಡಿದೆ.