ಬಿಯರ್ ಬಾಟಲಿಯೊಳಗಿನ ಆಫ್ರಿಕಾ

(ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



1973ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ‘ಹೆಡ್ ಹಂಟರ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರಲ್ಲಿದ್ದವು ನಾಲ್ಕೇ ರಚನೆಗಳು. ಮಾರಾಟವಾದ ಪ್ರತಿಗಳು ಮಾತ್ರ ಹತ್ತು ಲಕ್ಷಕ್ಕೂ ಮಿಕ್ಕಿದ್ದವು. ಜಾಝ್ ಸಂಗೀತಕ್ಕೆ ಇದು ಅಪರೂಪದ ಗೆಲುವು. ಆ ನಾಲ್ಕರಲ್ಲಿ ಎರಡನೆಯದಾದ ‘ವಾಟರ್‌ಮೆಲನ್ ಮ್ಯಾನ್’ನ ಆರಂಭದಲ್ಲಿ, ಕೊಳಲೋ ಮನುಷ್ಯಕಂಠವೋ ಎಂದು ತಿಳಿಯದ ದನಿಯೊಂದು ಕೇಳಿಸುತ್ತದೆ. ಆ ದನಿ ಯಾರದು? ಇಂದಿನ ಮಾತೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ.

ಮುದ್ರಿಕೆಯ ನಾಯಕ ಹರ್ಬಿ ಹ್ಯಾನ್‌ಕಾಕ್. 1940ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಇವರು, ಹನ್ನೊಂದರ ವಯಸ್ಸಿನಲ್ಲೇ ಆ ನಗರದ ಸಿಂಫನಿ ವಾದ್ಯವೃಂದದೊಂದಿಗೆ ಮೋಟ್ಸಾರ್ಟ್ ನುಡಿಸಿದವರು. ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. 1963ರಿಂದ ಐದು ವರ್ಷ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಪಿಯಾನೋ ನುಡಿಸಿದವರು. ಎಪ್ಪತ್ತರ ದಶಕದ ಆರಂಭದಲ್ಲಿ ಕರಿಯರ ಆತ್ಮಗೌರವದ ಚಳವಳಿಯ ಬಿಸಿಯಲ್ಲಿ ಇವರೂ ಇವರ ಸಂಗಡಿಗರೂ ಸ್ವಾಹಿಲಿ ಹೆಸರುಗಳನ್ನು ಧರಿಸಿದರು. ಹ್ಯಾನ್‌ಕಾಕ್ ‘ಮ್ವಾಂಡಿಷಿ’ ಆದರು, ಅಂದರೆ ಬರೆಯುವವನು. ಆ ಹೆಸರಿನ ತಂಡ ಸಿಂಥಸೈಜರ್‌ಗಳ ನೆರವಿನಿಂದ ಬಹುದೂರದ, ಅಮೂರ್ತವಾದ ನಾದಲೋಕವನ್ನು ಕಟ್ಟಿತು. ವಿಮರ್ಶಕರು ಮೆಚ್ಚಿದರು, ಆದರೆ ತಂಡವನ್ನು ಸಾಕುವಷ್ಟು ಕೇಳುಗರು ದೊರೆಯಲಿಲ್ಲ.

ಆಗ ಹ್ಯಾನ್‌ಕಾಕ್ ಆಕಾಶದಿಂದ ನೆಲಕ್ಕೆ ಇಳಿಯಲು ನಿರ್ಧರಿಸಿದರು. ಸ್ಲೈ ಸ್ಟೋನ್ ಮತ್ತು ಜೇಮ್ಸ್ ಬ್ರೌನ್ ಅವರ ಫಂಕ್ ಸಂಗೀತ ಅವರನ್ನು ಸೆಳೆದಿತ್ತು. ಫಂಕ್‌ನಲ್ಲಿ ರಾಗದ ವಿಸ್ತಾರಕ್ಕಿಂತ ಲಯದ ಆವರ್ತನೆಯೇ ಮುಖ್ಯ. ತಬಲಾದ ಲೆಹರಾದಂತೆ ಚಿಕ್ಕದೊಂದು ಪಲುಕು ಮರಳಿ ಮರಳಿ ಬರುತ್ತದೆ, ಅದರ ಮೇಲೆ ಉಳಿದದ್ದೆಲ್ಲ ಬೆಳೆಯುತ್ತದೆ. ‘ಕೆಮೀಲಿಯನ್’ ರಚನೆಯ ಪ್ರಸಿದ್ಧ ಮಂದ್ರದ ಸಾಲನ್ನು ಅವರು ನುಡಿಸಿದ್ದು ಆರ್ಪ್ ಒಡಿಸ್ಸಿ ಸಿಂಥಸೈಜರಿನಲ್ಲಿ. ಗಿಟಾರಿನ ಕೆಲಸವನ್ನು ಕ್ಲಾವಿನೆಟ್ ಎಂಬ ಕೀಬೋರ್ಡಿಗೆ ವಹಿಸಿದರು. ಮುಖಪುಟದಲ್ಲಿ ಐವರಿ ಕೋಸ್ಟಿನ ಬೌಲೆ ಜನರ ಮುಖವಾಡವನ್ನು ಹೋಲುವ ಮುಖವೊಂದು ಕೀಬೋರ್ಡಿನ ಹಿಂದೆ ಕುಳಿತಿದೆ. ಯಂತ್ರ ಮತ್ತು ಆಫ್ರಿಕಾ ಎರಡನ್ನೂ ಒಟ್ಟಿಗೆ ತನ್ನದೆಂದು ಸಾರುವ ಚಿತ್ರವದು.

ಈಗ ಆ ದನಿಯ ವಿಚಾರ. ‘ವಾಟರ್‌ಮೆಲನ್ ಮ್ಯಾನ್’ ಹೊಸ ರಚನೆಯಲ್ಲ. ಬಾಲ್ಯದಲ್ಲಿ ಷಿಕಾಗೋದ ಓಣಿಯ ಕಲ್ಲುಹಾಸಿನ ಮೇಲೆ ಬರುತ್ತಿದ್ದ ಕಲ್ಲಂಗಡಿ ಗಾಡಿಯ ನೆನಪಿನಲ್ಲಿ ಹ್ಯಾನ್‌ಕಾಕ್ 1962ರಲ್ಲೇ ಅದನ್ನು ಮುದ್ರಿಸಿದ್ದರು. 1973ರ ರೂಪಕ್ಕೆ ತಾಳವಾದ್ಯಗಾರ ಬಿಲ್ ಸಮರ್ಸ್ ಬಿಯರ್ ಬಾಟಲಿಯನ್ನು ಊದಿ ಹೊಸ ಪೀಠಿಕೆ ಒದಗಿಸಿದರು. ಮಧ್ಯ ಆಫ್ರಿಕಾದ ಕಾಡಿನ ಬಾ-ಬೆಂಜೆಲೆ ಜನರ ‘ಹಿಂಡೆವು’ ಎಂಬ ಊದುವಿಕೆಯ ಅನುಕರಣೆ ಅದು. ಪರಂಗಿ ದಂಟಿನ ಪೀಪಿಯ ಒಂದು ಸ್ವರ, ಅದರ ಬೆನ್ನಿಗೇ ಕಂಠದ ಸ್ವರ. ಎರಡೂ ಹೆಣೆದುಕೊಂಡು, ಬೇಟೆಯಿಂದ ಮರಳಿದೆವೆಂದು ಹಾಡಿಗೆ ಸಾರುತ್ತವೆ. ಸಿಮ್ಹಾ ಅರೋಮ್ ಮತ್ತು ಜೆನೆವೀವ್ ತೊರೆಲ್ ಅಲ್ಲಿ ಮಾಡಿದ ಧ್ವನಿಮುದ್ರಣ 1966ರಲ್ಲಿ ಯುನೆಸ್ಕೋ ಸರಣಿಯಲ್ಲಿ ಪ್ರಕಟವಾಗಿತ್ತು. ಕಾಡಿನ ದನಿ ಸ್ಟುಡಿಯೋ ತಲುಪಿದ ದಾರಿ ಇದು.

ಸಂಗೀತಶಾಸ್ತ್ರಜ್ಞ ಸ್ಟೀವನ್ ಫೆಲ್ಡ್ ಮುಂದೆ ಈ ಕುರಿತು ಹ್ಯಾನ್‌ಕಾಕರನ್ನು ಕೇಳಿದಾಗ, ಇದು ಸೋದರರ ನಡುವಿನ ಸಂಗತಿ ಎಂಬರ್ಥದ ಉತ್ತರ ಬಂದಿತು. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುಲಾಮಗಿರಿ ಕಿತ್ತುಕೊಂಡ ಖಂಡದತ್ತ ಅಮೆರಿಕದ ಕರಿಯನೊಬ್ಬ ಕೈಚಾಚುವುದು ವಸಾಹತುಗಾರನ ಲೂಟಿಯಲ್ಲ. ಆದರೆ ಸೋದರಿಕೆಗೂ ಲೆಕ್ಕವೊಂದಿರುತ್ತದೆ. 1994ರಲ್ಲಿ ಮಡೋನಾ ತಮ್ಮ ‘ಸ್ಯಾಂಕ್ಚುಅರಿ’ ಹಾಡಿಗೆ ಹ್ಯಾನ್‌ಕಾಕರ ಮುದ್ರಣದ ತುಣುಕನ್ನು ಬಳಸಿಕೊಂಡಾಗ, ರಚನಕಾರರ ಪಟ್ಟಿಯಲ್ಲಿ ಹ್ಯಾನ್‌ಕಾಕರ ಹೆಸರು ಸೇರಿತು. ಬಾ-ಬೆಂಜೆಲೆಯವರ ಹೆಸರು ಸೇರಲಿಲ್ಲ. ಅನುಕರಣೆಗೆ ಒಡೆಯನಿದ್ದಾನೆ, ಮೂಲಕ್ಕಿಲ್ಲ. ಕಾಗದದ ಮೇಲೆ ಸಹಿ ಇರುವುದನ್ನಷ್ಟೇ ಕೃತಿಯೆಂದು ಬಗೆಯುವ ಹಕ್ಕುಸ್ವಾಮ್ಯದ ಕಾನೂನು, ಸಮುದಾಯದ ಸ್ವತ್ತನ್ನು ಬೀಳುಭೂಮಿಯೆಂದು ಕಾಣುತ್ತದೆ.

ಲಯವೆಂಬುದು ಬರಿಯ ನಾದವಲ್ಲ, ಅದಕ್ಕೆ ಜನರಿರುತ್ತಾರೆ ಎಂಬುದನ್ನು ಈ ಲಿಟಲ್ ಇಂಡಿಯಾಕ್ಕೆ ಹೊರಗಿನವರು ಕಲಿಸಬೇಕಿಲ್ಲ. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಿಂದ ತೈಪೂಸಂ ಮೆರವಣಿಗೆ ಹೊರಡುತ್ತದೆ. ಗುಂಪುಗಳ ಜಗಳದ ಕಾರಣ ನೀಡಿ, ಅದೇ 1973ರಲ್ಲಿ, ಸರ್ಕಾರ ಇಂಥ ಮೆರವಣಿಗೆಗಳಲ್ಲಿ ವಾದ್ಯಗಳನ್ನು ನಿಷೇಧಿಸಿತು. 2016ರಲ್ಲಿ ದಾರಿಯ ಮೂರು ಕಡೆ ನೇರ ವಾದನಕ್ಕೆ ಅವಕಾಶ ದೊರೆಯಿತು. ಕಾವಡಿ ಹೊತ್ತವನಿಗೆ ಉರುಮಿಯ ಸದ್ದು ಅಲಂಕಾರವಲ್ಲ. ಹೆಜ್ಜೆಗೆ ಅದೇ ಆಸರೆ. ನಮ್ಮ ಹಳ್ಳಿಗಳ ಉರುಮೆ, ತಮಟೆಗಳದೂ ಇದೇ ಕಥೆ. ಅವನ್ನು ಬಾರಿಸುವ ಕೈಗಳನ್ನು ಊರಾಚೆ ಇಟ್ಟ ಸಮಾಜವೇ ಅವುಗಳ ಸದ್ದನ್ನು ಉತ್ಸವಕ್ಕೆ ಕರೆಯುತ್ತ ಬಂದಿದೆ.

ಆಫ್ರಿಕಾದ ಮಾತು ಬಂದಾಗಲೂ ಕನ್ನಡಿಗರು ಅಷ್ಟು ದೂರ ನೋಡಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ ಸುತ್ತಲಿನ ಕಾಡಂಚಿನಲ್ಲಿ ಸಿದ್ದಿಗಳು ನೆಲೆಸಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು, ಹಲವರು ಪೋರ್ಚುಗೀಸರ ಗೋವೆಯಿಂದ ಬಂದವರು. 2003ರಲ್ಲಷ್ಟೇ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಡಮಾಮಿ ಕುಣಿತವನ್ನು ಉತ್ಸವಗಳ ವೇದಿಕೆಯಲ್ಲಿ ಮೆಚ್ಚುವವರು ಬಹಳ. ಡಮಾಮಿ ಬಾರಿಸಿದವರ ಹೆಸರು ಹೇಳಬಲ್ಲವರು ವಿರಳ.

ಹಾಗಾದರೆ ಬೆರಕೆಯೇ ತಪ್ಪೇ? ಖಂಡಿತ ಅಲ್ಲ. ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಜರ್ಮನಿಯ ಇಸಿಎಂ ಕಂಪನಿಯ ಮೂಲಕ ಹೊರತಂದಿತು. ಆರ್.ಎ. ರಮಾಮಣಿ ಅವರ ಗಾಯನ ಅದರ ಜೀವಾಳ. ಮರಿಯಾನೋ ಹೆಸರಿನ ಜೊತೆಗೇ ಬೆಂಗಳೂರಿನ ತಂಡದ ಹೆಸರೂ ಮುಖಪುಟದಲ್ಲಿದೆ. ಅಲ್ಲಿ ಮೃದಂಗ ಯಾರದೋ ಧ್ವನಿಮುದ್ರಣದಿಂದ ಎತ್ತಿಕೊಂಡ ಬಣ್ಣವಲ್ಲ. ಎದುರು ಕುಳಿತು ಪ್ರಶ್ನಿಸುವ, ಉತ್ತರಿಸುವ ಪಾಲುದಾರ. ಈ ತಂಡಕ್ಕೆ ಕಾಲೇಜಿತ್ತು, ವಿಳಾಸವಿತ್ತು, ಒಪ್ಪಂದಕ್ಕೆ ಸಹಿ ಹಾಕಬಲ್ಲ ಕೈಯಿತ್ತು ಎಂಬುದನ್ನೂ ಮರೆಯಬಾರದು. ಬಾ-ಬೆಂಜೆಲೆಯವರಿಗೆ ಇವಾವುವೂ ಇರಲಿಲ್ಲ.

ಹ್ಯಾನ್‌ಕಾಕರ ಸಾಹಸ ದೊಡ್ಡದು. ಪಂಡಿತರ ಮೆಚ್ಚುಗೆಯ ಎತ್ತರದಿಂದ ಜನ ಕುಣಿಯುವ ನೆಲಕ್ಕೆ ಇಳಿಯಲು ಧೈರ್ಯ ಬೇಕು, ಮತ್ತು ಆ ಸಂಗೀತ ಇಂದಿಗೂ ಮೈಯನ್ನು ಅಲುಗಿಸುತ್ತದೆ. ಅದನ್ನು ಪ್ರೀತಿಸುತ್ತಲೇ ಆ ಮೊದಲ ದನಿಯ ಒಡೆಯರನ್ನು ಹೆಸರಿಸುವುದು ಕೇಳುಗರ ಹೊಣೆ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ‘ಫ್ಯೂಷನ್’ ಏರ್ಪಡಿಸುವಾಗ ಈ ಹೊಣೆ ತೀರ ಸರಳ ರೂಪದಲ್ಲಿ ಎದುರಾಗುತ್ತದೆ: ಕೀಬೋರ್ಡ್ ಕಲಾವಿದನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ತಮಟೆಯವನ ಹೆಸರೂ ಕರಪತ್ರದಲ್ಲಿ ಅಚ್ಚಾಗಲಿ, ಸಂಭಾವನೆಯ ಲಕೋಟೆಯೂ ಅಷ್ಟೇ ದಪ್ಪವಿರಲಿ.